ಟೈಲರಮ್ಮನ ಕಾರ್ಡಿನ ಮೂರು ಗುರುತು

ತೊಂಬತ್ತನಾಲ್ಕನೇ ಇಸವಿ, ಮಾರ್ಚ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಹತ್ತೂಕಾಲು. ಪರೀಕ್ಷೆಯ ಕೋಣೆಯಲ್ಲಿದ್ದವರು ಡಾಕ್ಟರಮ್ಮ, ಆಯಾ ಮತ್ತು ನಾನು. ನಾಲ್ಕನೆಯವರಾಗಿ ಒಳಗೆ ಬಂದ ಹೆಂಗಸಿನ ತುಟಿಗಳ ನಡುವೆ ಮೂರು ಗುಂಡುಸೂಜಿಗಳಿದ್ದವು. ಒಂದೇ ಅಂತರದಲ್ಲಿ, ಸಾಲಾಗಿ, ತಲೆಗಳು ಹೊರಗೆ. ಕೊರಳಲ್ಲಿ ಹಳದಿ ಅಳತೆ ಟೇಪು. ಎಡಗೈ ಹೆಬ್ಬೆರಳಿನ ಉಗುರಿಗೆ ನೀಲಿ ಸೀಮೆಸುಣ್ಣ ಮೆತ್ತಿಕೊಂಡಿತ್ತು.

"ಹೆಸರೇನಮ್ಮ?" ಎಂದರು ಡಾಕ್ಟರಮ್ಮ.

"ಮ್," ಎಂದರು ಆಕೆ.

"ಅಯ್ಯಯ್ಯೋ, ನುಂಗ್ಬಿಟ್ಟೀರ! ಮೊದ್ಲು ಅದನ್ನ ತೆಗೀರಿ," ಎಂದು ಆಯಾ ಕೂಗಿದಳು.

ಆಗಲೇ ಆಕೆಗೆ ಅರಿವಾದದ್ದು. ಒಂದೊಂದಾಗಿ ತೆಗೆದು ಸೆರಗಿನ ಅಂಚಿಗೆ ಚುಚ್ಚಿಕೊಂಡರು. "ರಸ್ತೆ ದಾಟ್ವಾಗ ಇಬ್ರು ಮಾತಾಡ್ಸಿದ್ರು. ಬಾಯಿ ಬಿಡೋಕಾಗ್ದೆ ಬರೀ ತಲೆ ಆಡಿಸ್ಕೊಂಡು ಬಂದೆ. ಇವ್ಳಿಗೇನು ಜಂಭ ಬಂತಪ್ಪ ಅಂದ್ಕೊಂಡಿರ್ತಾರೆ," ಎಂದು ನಕ್ಕರು. ನಕ್ಕ ಮೇಲೆ ಉಸಿರು ಸುಧಾರಿಸಿಕೊಳ್ಳಲು ಒಂದು ಕ್ಷಣ ನಿಲ್ಲಬೇಕಾಯಿತು. ಡಾಕ್ಟರಮ್ಮ ಅದನ್ನು ಗಮನಿಸಿದರು. ನಾನೂ ಗಮನಿಸಿದೆ.

ಆಕೆಯ ಹೆಸರು ನಮ್ಮ ತಪಾಸಣೆಯ ಕಾರ್ಡಿನ ಮೇಲಿದೆ. ಇಲ್ಲಿ ಬರೆಯುವುದಿಲ್ಲ. ಆ ಕಾರ್ಡು ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಮಾತು ಕೊಟ್ಟಿದ್ದೆವು. ನಮ್ಮ ನರ್ಸಿಂಗ್ ಹೋಮಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಟೈಲರಮ್ಮ ಎಂದು. ಇಲ್ಲಿಯೂ ಹಾಗೆಯೇ ಇರಲಿ.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಹಳೆಯ ಮನೆಯೊಂದನ್ನು ಹತ್ತು ಹಾಸಿಗೆಯ ಹೆರಿಗೆ ಆಸ್ಪತ್ರೆ ಮಾಡಿಕೊಂಡಿದ್ದರು ಡಾಕ್ಟರಮ್ಮ. ನಾನು ಅಲ್ಲಿ ಸಿಸ್ಟರ್. ರಸ್ತೆಯ ಆಚೆ, ಅವಲಕ್ಕಿ ಅಂಗಡಿಗೂ ಪ್ರಿಂಟಿಂಗ್ ಪ್ರೆಸ್ಸಿಗೂ ನಡುವೆ, ಎಂಟಡಿ ಅಗಲದ ಟೈಲರ್ ಅಂಗಡಿ. ಅಂಗಡಿಯ ಹಿಂದೆಯೇ ಅವರ ಮನೆ. ಗಂಡ ಅದೇ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವರು. ಅತ್ತೆ, ಇಬ್ಬರು ಹೆಣ್ಣುಮಕ್ಕಳು. ನಮ್ಮ ಬಿಳಿ ಯೂನಿಫಾರಂಗಳೆಲ್ಲ ಅವರು ಹೊಲಿದವೇ.

ಅವರ ಕೆಲಸದ ರೀತಿ ನನಗೆ ಮೊದಲ ದಿನದಿಂದಲೇ ಹಿಡಿಸಿತ್ತು. ನಾನು ಕಟ್ಟುನಿಟ್ಟಿನ ನರ್ಸಿಂಗ್ ಶಾಲೆಯಲ್ಲಿ ಕಲಿತವಳು. ನಾಲ್ಕೂವರೆಗೆ ಏಳುವುದು, ಐದೂಕಾಲಿಗೆ ಪ್ರಾರ್ಥನೆ, ಹಾಸಿಗೆಯ ಮೂಲೆ ಮಡಿಸುವುದರಲ್ಲಿ ಒಂದು ಬೆರಳಿನಷ್ಟು ವ್ಯತ್ಯಾಸವಾದರೂ ಇಡೀ ವಾರ್ಡಿನ ಹಾಸಿಗೆಗಳನ್ನು ಕಿತ್ತು ಮತ್ತೆ ಹಾಸಿಸುತ್ತಿದ್ದ ಮೇಟ್ರನ್. ಟೈಲರಮ್ಮನಲ್ಲಿ ಅಂಥದೇ ಹಟ ಇತ್ತು, ಆದರೆ ಗದರಿಕೆ ಇರಲಿಲ್ಲ. ಯಾರು ಬಂದರೂ ಹೊಸದಾಗಿ ಅಳತೆ ತೆಗೆಯದೆ ಕತ್ತರಿ ಮುಟ್ಟುತ್ತಿರಲಿಲ್ಲ. ಬಸವನಗುಡಿಯಿಂದ ಒಬ್ಬ ವಕೀಲರ ಹೆಂಡತಿ ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಬರುತ್ತಿದ್ದರು. ಒಮ್ಮೆ ನಾನಿದ್ದಾಗಲೇ ಆಕೆ ಬಟ್ಟೆಯನ್ನು ಮೇಜಿನ ಮೇಲೆ ಎಸೆದು, "ಹೋದ ವರ್ಷದ ಅಳತೇನೇ ಹಾಕ್ಬಿಡ್ರೀ. ನಾನೇನೂ ದಪ್ಪ ಆಗಿಲ್ಲ. ಆಟೋ ಕಾಯ್ತಿದೆ," ಎಂದರು.

"ಆಗಿಲ್ಲ ಅಂತ ನನಗೂ ಕಾಣ್ಸುತ್ತೆ. ಎದ್ದು ನಿಂತ್ಕೊಳ್ಳಿ," ಎಂದರು ಟೈಲರಮ್ಮ.

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲೆ ಇದೆ. ನಿಮ್ಮ ಸೊಂಟದ ಮೇಲಿಲ್ಲ. ಕೈ ಎತ್ತಿ."

ಅಳತೆಯಲ್ಲಿ ಒಂದೂವರೆ ಇಂಚು ಹೆಚ್ಚಾಗಿತ್ತು. ಟೈಲರಮ್ಮ ಅದನ್ನು ಜೋರಾಗಿ ಹೇಳಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡು ನನ್ನ ಕಡೆ ಒಂದು ನೋಟ ನೋಡಿದರು. ಆಟೋ ಹೋದ ಮೇಲೆ, "ಟೇಪು ಸುಳ್ಳು ಹೇಳಲ್ಲ ಸಿಸ್ಟರ್. ಹಿಡಿದಿರೋರು ಹೇಳ್ತಾರೆ," ಎಂದರು. ಈ ಮಾತನ್ನು ಅವರು ಆಗಾಗ ಹೇಳುತ್ತಿದ್ದರು. ನಾನು ನಗುತ್ತಿದ್ದೆ.

ಅವರು ಸೂಜಿ ಕಚ್ಚಿಕೊಂಡು ಬಂದ ಆ ಶನಿವಾರದ ಕಾರಣ ಹೀಗೆ. ಹುಡುಗಿಯಾಗಿದ್ದಾಗ ಬಂದ ಕೀಲುಜ್ವರ ಅವರ ಹೃದಯದ ಕವಾಟವನ್ನು ಕೆಡಿಸಿತ್ತು. ಎರಡನೆಯ ಹೆರಿಗೆಯಲ್ಲಿ ಜೀವ ಹೋಗಿ ಬಂದಿತ್ತು. ಮೂರನೆಯದು ಆದರೆ ಉಳಿಯುವುದಿಲ್ಲ ಎಂದು ದೊಡ್ಡಾಸ್ಪತ್ರೆಯವರು ಹೇಳಿ ಕಳಿಸಿದ್ದರು. ಆದರೆ ಮನೆಯಲ್ಲಿ ಅತ್ತೆಗೆ ಮೊಮ್ಮಗ ಬೇಕಿತ್ತು. ಗಂಡ ಒಳ್ಳೆಯವರು, ಎಲ್ಲ ತಿಳಿದವರು, ತಾಯಿಯೆದುರು ಮಾತ್ರ ಬಾಯಿಲ್ಲದವರು. ಗಂಡನೇ ಮಕ್ಕಳಾಗದ ಆಪರೇಷನ್ ಮಾಡಿಸಿಕೊಳ್ಳಬಹುದಲ್ಲ ಎಂದು ಡಾಕ್ಟರಮ್ಮ ಕೇಳಿದಾಗ ಟೈಲರಮ್ಮ, "ಮೇಡಂ, ಅವ್ರು ಹಲ್ಲು ಕೀಳಿಸ್ಕೊಳ್ಳೋಕೇ ಮೂರು ವರ್ಷ ತಗೊಂಡ್ರು," ಎಂದರು. ಇವರಿಗೆ ಆಪರೇಷನ್ ಮಾಡಲು ಅರವಳಿಕೆಯ ಭಯ. ಉಳಿದದ್ದು ಕಾಪರ್-ಟಿ. ಸಣ್ಣದು, ಗರ್ಭಕೋಶದ ಒಳಗೆ ಕೂರುತ್ತದೆ, ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಹಾಕುವ ಮೊದಲು ಅವರದೊಂದು ಪ್ರಶ್ನೆ. "ತಾಮ್ರದ ಚೊಂಬನ್ನ ಹುಣಸೆಹಣ್ಣಲ್ಲಿ ತಿಕ್ಕಿದ್ರೆ ಸವೆಯುತ್ತೆ. ನಮ್ಮನೇಲಿ ದಿನಾ ಹುಳಿ ಸಾರು. ಒಳಗಿರೋ ತಾಮ್ರ ಸವೆದು ಹೋಗಲ್ವಾ ಮೇಡಂ?"

ಡಾಕ್ಟರಮ್ಮ ನಗಲಿಲ್ಲ. ಅದು ಅವರ ದೊಡ್ಡ ಗುಣ. "ಸಾರು ಹೋಗೋ ಮನೆ ಬೇರೆ, ಇದು ಇರೋ ಮನೆ ಬೇರೆ. ಎರಡಕ್ಕೂ ನಡುವೆ ಬಾಗ್ಲಿಲ್ಲ. ಧಾರಾಳವಾಗಿ ಊಟ ಮಾಡಿ," ಎಂದರು.

"ಮೂರು ವಾರಕ್ಕೊಂದು ಹೃದಯದ ಇಂಜೆಕ್ಷನ್ ತಗೋತೀನಲ್ಲ?"

"ಅದ್ರಿಂದಲೂ ಏನೂ ಆಗಲ್ಲ."

ಇಂಥ ಪ್ರಶ್ನೆಗಳು ನಮಗೆ ದಿನವೂ ಬರುತ್ತಿದ್ದವು. ಜ್ವರದ ಮಾತ್ರೆಗೆ ಕರಗುತ್ತದೆಯೇ, ಉಷ್ಣಕ್ಕೆ ಜಾರುತ್ತದೆಯೇ, ಪರಂಗಿ ಹಣ್ಣು ತಿನ್ನಬಹುದೇ. ಟಿ.ಬಿ. ಮಾತ್ರೆ, ಫಿಟ್ಸ್ ಮಾತ್ರೆಗಳಲ್ಲಿ ಕೆಲವು ನುಂಗುವ ಗರ್ಭನಿರೋಧಕ ಗುಳಿಗೆಯ ಬಲವನ್ನು ಕುಗ್ಗಿಸುತ್ತವೆ, ಅದು ನಿಜ. ಕಾಪರ್-ಟಿ ನಂಬಿರುವುದು ತನ್ನ ತಾಮ್ರವನ್ನು, ಆ ಮಾತ್ರೆಗಳ ಗೊಡವೆ ಅದಕ್ಕಿಲ್ಲ. ಅದರ ಬಲ ಹೋಗುವುದು ಮುಖ್ಯವಾಗಿ ಎರಡು ರೀತಿಯಲ್ಲಿ: ಅವಧಿ ಮುಗಿದರೆ, ಇಲ್ಲವೇ ಅದು ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ. ಜಾಗದಲ್ಲಿದೆಯೇ ಎಂದು ತಿಳಿಯಲು ಅದರ ತುದಿಯಲ್ಲಿ ಸಣ್ಣ ಎಳೆ ಇರುತ್ತದೆ. ಹೆಂಗಸರು ಮುಟ್ಟು ನಿಂತ ಮೇಲೆ ತಾವೇ ಬೆರಳಿನಿಂದ ಎಳೆ ಇದೆಯೇ ಎಂದು ನೋಡಿಕೊಳ್ಳಬೇಕು.

ಟೈಲರಮ್ಮನಿಗೆ ಅದು ಆಗಲಿಲ್ಲ. ಮುಟ್ಟಿನ ಮೂರು ದಿನ ಅವರ ಮನೆಯಲ್ಲಿ ಹೊರಗೆ ಕೂರಬೇಕು. ಬೆಳಕು ಹರಿಯುವ ಮೊದಲೇ ಹಿತ್ತಿಲಿನ ಬಚ್ಚಲಿನಲ್ಲಿ ಬಟ್ಟೆ ಒಗೆದು ಒಣಗಿಸಿರಬೇಕು. ನಾಲ್ಕನೆಯ ದಿನ ತಲೆಗೆ ಎರೆದುಕೊಳ್ಳುವಾಗಲೂ ನೀರು ಹುಯ್ಯಲು ಅತ್ತೆ ಬಾಗಿಲಲ್ಲೇ. "ಆ ಬಚ್ಚಲಲ್ಲಿ ಚಿಲಕ ಅನ್ನೋದೇ ಇಲ್ಲ ಸಿಸ್ಟರ್. ಅದೂ ಅಲ್ದೆ ನನ್ಗೆ ಕೈ ಹೋಗಲ್ಲ. ನೀವೇ ನೋಡ್ಬಿಡಿ," ಎಂದರು. ಹಾಗಾಗಿ ಅವರೊಬ್ಬರಿಗೆ ಬೇರೆ ಏರ್ಪಾಡು. ತಿಂಗಳ ಮೊದಲ ಶನಿವಾರ ಅತ್ತೆ ಕೋಟೆ ಕಡೆಯ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಸಿಗುತ್ತಿತ್ತು. ಅಷ್ಟರಲ್ಲಿ ರಸ್ತೆ ದಾಟಿ ಬರುವುದು, ಮೇಜಿನ ಮೇಲೆ ಮಲಗುವುದು, ನಾನು ನೋಡಿ ಬರೆಯುವುದು. ಕಾರ್ಡು ಅವರ ಕೈಗೆ ಕೊಡದೆ ನನ್ನ ಮೂರನೆಯ ಡ್ರಾಯರಿನಲ್ಲೇ ಇಟ್ಟಿದ್ದೆ. ಕಾರ್ಡಿನಲ್ಲಿ ನಾಲ್ಕು ಮನೆ: ತಾರೀಖು, ರಕ್ತಸ್ರಾವ, ನೋವು, ಎಳೆ ಕಂಡಿದೆಯೇ. ಕಂಡರೆ ನಾಲ್ಕನೆಯ ಮನೆಯಲ್ಲಿ ಒಂದು ಟಿಕ್ಕು.

"ದಿನಾ ನಾನು ಊರವರ ಅಳತೆ ತೆಗೀತೀನಿ. ತಿಂಗಳಿಗೊಂದ್ಸಲ ನೀವು ನನ್ನದು ತೆಗೀರಿ," ಎನ್ನುತ್ತಿದ್ದರು ಮಲಗಿಕೊಂಡೇ. ಆಯಾ, "ಅಳತೆ ಸರಿ ಇದೆ, ಇನ್ನು ಕತ್ತರಿ ಹಾಕ್ಬೋದು!" ಎಂದು ರೇಗಿಸುತ್ತಿದ್ದಳು. ಎರಡು ವರ್ಷಕ್ಕೂ ಮಿಕ್ಕಿ ಒಂದು ಶನಿವಾರವೂ ತಪ್ಪಲಿಲ್ಲ.

ತೊಂಬತ್ತಾರರಲ್ಲಿ ಕವಾಟ ತೀರಾ ಕೆಟ್ಟಿತು. ದೊಡ್ಡಾಸ್ಪತ್ರೆಯಲ್ಲಿ ಎದೆ ತೆರೆದು ಲೋಹದ ಕವಾಟ ಕೂರಿಸಿದರು. ಎರಡು ತಿಂಗಳ ನಂತರ ಟೈಲರಮ್ಮ ಮತ್ತೆ ಅಂಗಡಿಯಲ್ಲಿ ಕುಳಿತರು. ಎದೆಯ ಗಾಯ ಮುಚ್ಚುವಂತೆ ಕುತ್ತಿಗೆ ಎತ್ತರದ ರವಿಕೆಯನ್ನು ತಾವೇ ಹೊಲಿದುಕೊಂಡಿದ್ದರು. ಸದ್ದಿಲ್ಲದ ಹೊತ್ತಿನಲ್ಲಿ ಹತ್ತಿರ ನಿಂತರೆ ಆ ಕವಾಟ ಟಿಕ್ ಟಿಕ್ ಎನ್ನುವುದು ಕೇಳುತ್ತಿತ್ತು. "ಗಡಿಯಾರ ಕಟ್ಕೊಳ್ಳೋ ಖರ್ಚು ಉಳೀತು," ಎಂದರು.

ಲೋಹದ ಕವಾಟ ಇರುವವರು ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೂ ಮಾತ್ರೆ ನುಂಗಬೇಕು. ಅವರು ಅಂಗಡಿಯ ಮೆಟ್ಟಿಲಿನ ಬಳಿ ನನ್ನನ್ನು ನಿಲ್ಲಿಸಿ ಮಾತ್ರೆಯ ಚೀಟಿ ತೋರಿಸಿದರು. ಧ್ವನಿ ತಗ್ಗಿಸಿ, "ಈ ಹೊಸ ಮಾತ್ರೆಯಿಂದ ನಮ್ಮದಕ್ಕೆ ಏನಾದ್ರೂ ಆಗುತ್ತಾ ಸಿಸ್ಟರ್?" ಎಂದು ಕೇಳಿದರು.

"ಈ ಮಾತ್ರೆಯಿಂದ ಕಾಪರ್-ಟಿಗೆ ಏನೂ ಆಗಲ್ಲ," ಎಂದೆ.

ಉತ್ತರ ಸರಿಯಾಗಿತ್ತು. ಇಂದಿಗೂ ಯಾವ ಡಾಕ್ಟರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ನಾನು ಹೇಳದೆ ಬಿಟ್ಟದ್ದು ಅದರ ಮುಂದಿನ ಮಾತನ್ನು. ಆ ಮಾತ್ರೆ ತಾಮ್ರವನ್ನು ಮುಟ್ಟುವುದಿಲ್ಲ, ಆದರೆ ಮುಟ್ಟಿನ ರಕ್ತವನ್ನು ಹೆಚ್ಚಿಸುತ್ತದೆ. ಕಾಪರ್-ಟಿ ಇದ್ದವರಿಗೆ ಮೊದಲೇ ಸ್ರಾವ ಜಾಸ್ತಿ. ಹೊಟ್ಟೆ ಹಿಂಡಿ ತುಂಬಾ ಹೋಗುವಾಗ ಅದರ ಜೊತೆಗೆ ಕಾಪರ್-ಟಿ ಜಾರಿ ಬಿದ್ದುಹೋಗಬಹುದು. ಇದು ನನಗೆ ಗೊತ್ತಿತ್ತು. ಅವರು ಕೇಳಿದ್ದು ಮಾತ್ರೆಯ ವಿಷಯ, ನಾನು ಹೇಳಿದ್ದು ಮಾತ್ರೆಯ ವಿಷಯ. ಕೆಲಸಕ್ಕೆ ಐದು ನಿಮಿಷ ತಡವಾಗಿತ್ತು. ನಾನು ತಡ ಮಾಡುವವಳಲ್ಲ.

ಆಪರೇಷನ್ ಆದ ಮೇಲೆ ಇನ್ನೊಂದು ಬದಲಾವಣೆಯಾಗಿತ್ತು. ಸೊಸೆಯ ಮೇಲಿನ ಕಾಳಜಿಯಿಂದ ಅತ್ತೆ ಶನಿವಾರದ ದೇವಸ್ಥಾನ ಬಿಟ್ಟು ಅಂಗಡಿಯಲ್ಲೇ ಕೂರತೊಡಗಿದರು. ಗುಂಡಿ ತೂರಿಸುವ ಕಾಜಾ ಹೊಲಿದುಕೊಡುತ್ತ, ಬಂದವರಿಗೆ ಸ್ಟೂಲು ಎಳೆಯುತ್ತ, ಸೊಸೆ ಎದ್ದರೆ "ಎಲ್ಲಿಗೆ? ಕೂತ್ಕೋ, ನಾನು ತರ್ತೀನಿ" ಎನ್ನುತ್ತ. ಟೈಲರಮ್ಮ ರಸ್ತೆ ದಾಟುವುದು ನಿಂತಿತು.

ಮೊದಲ ಶನಿವಾರ ಹತ್ತೂಕಾಲಾಯಿತು, ಹತ್ತೂವರೆಯಾಯಿತು. ಬರಲಿಲ್ಲ. ಊಟದ ಬಿಡುವಿನಲ್ಲಿ ಯೂನಿಫಾರಂ ನೆಪ ಮಾಡಿಕೊಂಡು ನಾನೇ ಹೋದೆ. ಅತ್ತೆ ಎದುರಿಗೇ ಕುಳಿತಿದ್ದರು. ನಾನು ಹುಬ್ಬು ಎತ್ತಿ ನೋಡಿದೆ. ಟೈಲರಮ್ಮನ ಬಾಯಲ್ಲಿ ಸೂಜಿಗಳಿದ್ದವು. ತಲೆ ಆಡಿಸಿದರು. ಚೆನ್ನಾಗಿದ್ದೇನೆ ಎಂಬಂತೆ.

ವಾಪಸ್ಸು ಬಂದು ಡ್ರಾಯರು ಎಳೆದೆ. ಕಾರ್ಡಿನ ಆ ತಿಂಗಳ ಸಾಲು ಖಾಲಿ ಇತ್ತು. ಇಪ್ಪತ್ತೊಂಬತ್ತು ಸಾಲುಗಳ ಕೆಳಗೆ ಒಂದು ಖಾಲಿ ಸಾಲು. ನಮ್ಮ ಮೇಟ್ರನ್ ಹೇಳಿಕೊಟ್ಟಿದ್ದ ಮೊದಲ ಪಾಠ, "ಬರೆಯದೆ ಇದ್ದದ್ದು ಮಾಡದೆ ಇದ್ದ ಹಾಗೆ." ಮಾಡದೆ ಬರೆದರೆ ಏನು ಎಂದು ಅವರು ಹೇಳಿಕೊಟ್ಟಿರಲಿಲ್ಲ. ಹೇಳಬೇಕಾದೀತು ಎಂದು ಅನ್ನಿಸಿರಲಿಕ್ಕಿಲ್ಲ. ನಾನು ತಾರೀಖು ಹಾಕಿದೆ, ನೋವು ಇಲ್ಲ ಎಂದು ಬರೆದೆ, ನಾಲ್ಕನೆಯ ಮನೆಯಲ್ಲಿ ಟಿಕ್ಕು ಹಾಕಿದೆ. ಮುಂದಿನ ತಿಂಗಳೂ ಹಾಗೆಯೇ. ಅದರ ಮುಂದಿನ ತಿಂಗಳೂ. ತಲೆ ಆಡಿಸಿದ್ದಕ್ಕೆ ಮೂರು ಟಿಕ್ಕು.

ಅತ್ತೆಯನ್ನು ಐದು ನಿಮಿಷ ದೂರವಿಡಲು ಹತ್ತು ಉಪಾಯಗಳಿದ್ದವು. ಇಂಜೆಕ್ಷನ್ ಕೊಡಬೇಕು, ಬಿ.ಪಿ. ನೋಡಬೇಕು ಎಂದು ಕರೆದೊಯ್ದಿದ್ದರೆ ಯಾರು ಬೇಡ ಎನ್ನುತ್ತಿದ್ದರು? ಆಗ ಹೊಳೆಯಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಹೊಳೆಯದಿದ್ದುದಕ್ಕೆ ಕಾರಣ, ಕಾರ್ಡು ತುಂಬಿದ್ದದ್ದು. ತುಂಬಿದ ಕಾರ್ಡು ಯಾರನ್ನೂ ಏನೂ ಕೇಳುವುದಿಲ್ಲ.

ನಾಲ್ಕನೆಯ ತಿಂಗಳ ಶನಿವಾರಕ್ಕೆ ಇನ್ನೂ ವಾರವಿತ್ತು. ಬುಧವಾರ ಬೆಳಿಗ್ಗೆ ಟೈಲರಮ್ಮ ತಾವಾಗಿಯೇ ಬಂದರು. ಅಂದು ಅತ್ತೆಗೆ ಜ್ವರ. ಸೆರಗನ್ನು ಬಿಗಿಯಾಗಿ ಹೊದ್ದು ನನ್ನ ಮೇಜಿನ ಮುಂದೆ ನಿಂತರು. ಕೊರಳಲ್ಲಿ ಟೇಪು ಇತ್ತು. ಮುಖದಲ್ಲಿ ನಗು ಇರಲಿಲ್ಲ.

"ಸಿಸ್ಟರ್, ನನ್ನ ರವಿಕೆ ಎದೆ ಹತ್ರ ಅರ್ಧ ಇಂಚು ಬಿಗಿ ಆಗಿದೆ."

"ಆಪರೇಷನ್ ಆದ್ಮೇಲೆ ಚೆನ್ನಾಗಿ ಊಟ ಮಾಡ್ತಿದೀರಲ್ಲ."

"ಊಟ ಸೇರ್ತಾ ಇಲ್ಲ. ತೋಳು ಸಡಿಲ ಆಗಿದೆ. ಎದೆ ಮಾತ್ರ ಬಿಗಿ. ಇಪ್ಪತ್ತು ವರ್ಷದಿಂದ ಹೆಂಗಸರ ಅಳತೆ ತೆಗೀತಿದೀನಿ ಸಿಸ್ಟರ್. ಹಿಂಗಾಗೋದು ಒಂದೇ ಕಾರಣಕ್ಕೆ."

ಮುಟ್ಟು? ಎರಡು ತಿಂಗಳ ಹಿಂದೆ ಗಡ್ಡೆ ಗಡ್ಡೆಯಾಗಿ ತುಂಬ ಹೋಗಿತ್ತು, ಹೊಟ್ಟೆ ಹಿಂಡಿತ್ತು. ಬಟ್ಟೆಯನ್ನು ಕತ್ತಲಲ್ಲೇ, ಏನು ಬಿತ್ತೆಂದು ಕಾಣದೆ ಒಗೆದುಬಿಟ್ಟಿದ್ದರು. ಆಮೇಲೆ ಒಂದಿಷ್ಟು ಕಲೆ ಮಾತ್ರ. ಹೊಸ ಮಾತ್ರೆಯಿಂದ ಹೀಗೆ ಏರುಪೇರು ಎಂದುಕೊಂಡು ಸುಮ್ಮನಿದ್ದರು. ಮಾತ್ರೆಯಿಂದ ಏನೂ ಆಗುವುದಿಲ್ಲ ಎಂದು ನಾನೂ ಹೇಳಿದ್ದೆನಲ್ಲ.

ಮೇಜಿನ ಮೇಲೆ ಮಲಗಿಸಿ ನೋಡಿದೆವು. ಎಳೆ ಇರಲಿಲ್ಲ. ಸ್ಕ್ಯಾನಿನಲ್ಲಿ ಕಾಪರ್-ಟಿ ಎಲ್ಲಿಯೂ ಇರಲಿಲ್ಲ. ಇದ್ದದ್ದು ಒಂಬತ್ತು ವಾರದ ಗರ್ಭ.

ಡಾಕ್ಟರಮ್ಮ ಕೈ ತೊಳೆದು ಬಂದು ಕಾರ್ಡು ಕೇಳಿದರು. ಕೊಟ್ಟೆ. ಕನ್ನಡಕ ಏರಿಸಿ ಕೆಳಗಿನಿಂದ ಮೇಲಕ್ಕೆ ಓದಿದರು.

"ಮೂರು ತಿಂಗಳೂ ಎಳೆ ಕಂಡಿದೆ ಅಂತ ಇದೆ. ಹೋದ ಶನಿವಾರಗಳಲ್ಲಿ ನೀವೇ ನೋಡಿದ್ರಾ ಸಿಸ್ಟರ್?"

ಇಲ್ಲ ಎನ್ನುವುದು ಎರಡಕ್ಷರದ ಮಾತು. ಹಾಗೆ ಸುಳ್ಳು ಬರೆದ ನರ್ಸ್ ಒಬ್ಬಳನ್ನು ಡಾಕ್ಟರಮ್ಮ ಹಿಂದೆ ಅದೇ ಸಂಜೆ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರು. ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮಲಗಿದ್ದಲ್ಲಿಂದಲೇ ಟೈಲರಮ್ಮ ಹೇಳಿದರು:

"ನೋಡಿದ್ರು ಮೇಡಂ. ಪ್ರತಿ ತಿಂಗಳೂ ನೋಡಿದ್ರು. ಆಮೇಲೇ ಯಾವಾಗ್ಲೋ ಬಿದ್ದಿರ್ಬೇಕು."

ಡಾಕ್ಟರಮ್ಮ ಕಾರ್ಡು ಹಿಂದಿರುಗಿಸಿದರು. "ಒಮ್ಮೊಮ್ಮೆ ಹಾಗೂ ಆಗುತ್ತೆ," ಎಂದರು. ನಾನು ಕಾರ್ಡನ್ನು ಮೂರನೆಯ ಡ್ರಾಯರಿನಲ್ಲಿ ಇಟ್ಟೆ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಗರ್ಭ ಉಳಿಸಿಕೊಂಡರೆ ಹೃದಯ ತಡೆಯುತ್ತಿರಲಿಲ್ಲ. ತೆಗೆಯಬೇಕಾದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಸ್ರಾವ ನಿಲ್ಲದು. ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ದೊಡ್ಡಾಸ್ಪತ್ರೆಯವರು ಬದಲಿಗೆ ಇಂಜೆಕ್ಷನ್ ಕೊಡುತ್ತ, ಮಾಡಬೇಕಾದದ್ದನ್ನೆಲ್ಲ ಮಾಡಿದರು. ಗರ್ಭ ತೆಗೆದರು. ಮತ್ತೆಂದೂ ಹೀಗಾಗದಂತೆ ಆಪರೇಷನ್ನನ್ನೂ ಮಾಡಿದರು. ನಾಲ್ಕನೆಯ ದಿನ ಬೆಳಿಗ್ಗೆ ಕಾಫಿ ಲೋಟ ಟೈಲರಮ್ಮನ ಬಲಗೈಯಿಂದ ಜಾರಿ ಬಿತ್ತು. ಕವಾಟದಿಂದ ಹೊರಟ ಹೆಪ್ಪುಗಟ್ಟಿದ ರಕ್ತದ ಒಂದು ಸಣ್ಣ ಗಡ್ಡೆ ಮಿದುಳಿಗೆ ಹೋಗಿತ್ತು. ಮಾತು ಎರಡು ವಾರದಲ್ಲಿ ಮರಳಿತು. ಬಲಗೈಯ ಬೆರಳುಗಳು ಮರಳಲಿಲ್ಲ.

ಅದು ಕತ್ತರಿ ಹಿಡಿಯುವ ಕೈ.

ದೊಡ್ಡಾಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅತ್ತೆ ಕುಳಿತಿದ್ದರು. ಅಷ್ಟು ಹೊತ್ತಿಗೆ ಎಲ್ಲವೂ ಅವರಿಗೆ ತಿಳಿದಿತ್ತು. ನನ್ನನ್ನು ನೋಡಿ ಸೆರಗಿನಿಂದ ಮೂಗು ಒರೆಸಿಕೊಂಡು, "ನನ್ಗೆ ಒಂದು ಮಾತು ಹೇಳಿದ್ದಿದ್ರೆ ನಾನೇ ಕರ್ಕೊಂಡು ಬರ್ತಿದ್ನಲ್ಲಮ್ಮ. ಮೊಮ್ಮಗ ಬೇಕು ಅಂದಿದ್ದು ನಿಜ. ಸೊಸೆ ಬೇಡ ಅಂದಿದ್ನಾ?" ಎಂದರು. ಹೇಳಿದ್ದರೆ ನಿಜಕ್ಕೂ ಕರೆತರುತ್ತಿದ್ದರೇ? ನನಗೆ ತಿಳಿಯದು. ಆದರೆ ನಮ್ಮಲ್ಲಿ ಯಾರೂ ಅವರನ್ನು ಕೇಳಿ ನೋಡಿರಲಿಲ್ಲ ಎಂಬುದು ಮಾತ್ರ ನಿಜ.

ಟೈಲರಮ್ಮ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಹೋದೆ. ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ನಾನು ನಿಂತೇ ಹೇಳಿದೆ, ಡಾಕ್ಟರಮ್ಮನಿಗೆ ನಿಜ ಹೇಳುತ್ತೇನೆ ಎಂದು.

"ಹೇಳಿದ್ರೆ ನನ್ನ ಕೈ ಬರುತ್ತಾ?"

"ಇಲ್ಲ."

"ಮತ್ತೆ? ನನ್ನ ಸುಳ್ಳೂ ದಂಡ, ನಿಮ್ಮ ಕೆಲ್ಸಾನೂ ದಂಡ. ಕೂತ್ಕೊಳ್ಳಿ."

"ಯಾಕೆ ಹಾಗೆ ಹೇಳಿದ್ರಿ ಅವತ್ತು?"

ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡರು. "ನಿಮ್ಮ ಮುಖ ನೋಡಕ್ಕಾಗ್ಲಿಲ್ಲ. ಅದೂ ಅಲ್ದೆ ತಲೆ ಆಡಿಸಿದ್ದು ನಾನೇ ತಾನೆ? ನೀವು ಹುಬ್ಬು ಹಾರಿಸಿದ್ರಿ, ನಾನು ತಲೆ ಆಡಿಸ್ದೆ. ಇಬ್ರೂ ಸೇರಿ ಮಾಡಿದ್ದು." ಆಮೇಲೆ ನಕ್ಕರು. "ಬೇರೆ ಯಾರಾದ್ರೂ ಹಂಗೆ ಅಳತೆ ಕೊಟ್ಟಿದ್ರೆ ನಾನು ಕತ್ತರಿ ಮುಟ್ತಿರ್ಲಿಲ್ಲ."

ಅವರು ಅದನ್ನು ತಮಾಷೆಗೆ ಹೇಳಿದರು. ನನಗೆ ಮಾತ್ರ ಅಂದಿನಿಂದ ಅದನ್ನು ತಮಾಷೆಯಾಗಿ ಕೇಳಲು ಆಗಿಲ್ಲ.

ಡಾಕ್ಟರಮ್ಮನಿಗೆ ಹೇಳಲಿಲ್ಲ. ಟೈಲರಮ್ಮ ಬೇಡ ಎಂದರು, ಹಾಗಾಗಿ ಸುಮ್ಮನಾದೆ ಎಂದುಕೊಂಡೆ. ಅವರ ಮಾತು ನಡೆಸಿಕೊಡುವುದು ನನಗೂ ಅನುಕೂಲವಾಗಿತ್ತು. ಅನುಕೂಲವಾದ ಮಾತನ್ನು ಪಾಲಿಸುವುದು ವಿಧೇಯತೆಯಲ್ಲ. ಇದು ಅರ್ಥವಾಗಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಅಂಗಡಿ ಮುಚ್ಚಲಿಲ್ಲ. ಟೈಲರಮ್ಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತರು. ದೊಡ್ಡ ಮಗಳು ಆಗ ಹತ್ತನೇ ತರಗತಿ. ಸಂಜೆ ಶಾಲೆಯಿಂದ ಬಂದು ಮೇಜಿನ ಮುಂದೆ ನಿಲ್ಲುತ್ತಿದ್ದಳು. ಇವರು ಕುರ್ಚಿಯಿಂದಲೇ ಹೇಳುವುದು, ಅವಳು ಕತ್ತರಿಸುವುದು. "ತೋಳಿನ ಸುತ್ತು ಅಲ್ಲಿ ಅಲ್ಲ ಕಣೇ, ಬೆರಳಗಲ ಒಳಗೆ. ನಿಂತ್ಕೊ. ಉಸಿರು ಬಿಡು. ಈಗ ಹಾಕು ಕತ್ತರಿ." ನಗರ್ತಪೇಟೆಗೆ ಹೋಗಿ ಲೈನಿಂಗ್ ಬಟ್ಟೆ, ಗುಂಡಿ, ಹುಕ್ಕು ತರುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ಅವರು ತಂದ ಗುಂಡಿಗಳಲ್ಲಿ ಜೋಡಿ ಸೇರದ್ದು ಕಂಡರೆ ಟೈಲರಮ್ಮ, "ನಮ್ಮತ್ತೆಗೆ ಎಲ್ಲದ್ರಲ್ಲೂ ಒಂದೊಂದು ಬೇಕು," ಎನ್ನುತ್ತಿದ್ದರು. ಅತ್ತೆಯೂ ನಗುತ್ತಿದ್ದರು. ಹೊಸ ಶತಮಾನ ಬಂತು, ಆಚೀಚೆ ರೆಡಿಮೇಡ್ ಅಂಗಡಿಗಳು ಬಂದವು, ಪ್ರೆಸ್ಸಿನಲ್ಲಿ ಅಚ್ಚುಮೊಳೆ ಹೋಗಿ ಕಂಪ್ಯೂಟರ್ ಬಂತು. ಟೈಲರಮ್ಮನ ಕುರ್ಚಿ ಮಾತ್ರ ಬಾಗಿಲಲ್ಲೇ ಇತ್ತು. ಪ್ರತಿ ವರ್ಷ ನನ್ನ ಯೂನಿಫಾರಂ ಅಳತೆಯನ್ನು ಮಗಳ ಕೈಯಲ್ಲಿ ಹೊಸದಾಗಿ ತೆಗೆಸುತ್ತಿದ್ದರು. ನಾನು ಮೈಯಲ್ಲಿ ಬದಲಾಗುವವಳಲ್ಲ. ಆದರೂ ಕೈ ಎತ್ತಿ ನಿಲ್ಲುತ್ತಿದ್ದೆ.

ಎರಡು ಸಾವಿರದ ಐದನೇ ಇಸವಿ, ನವೆಂಬರ್, ಒಂದು ಗುರುವಾರ. ಬೆಳಿಗ್ಗೆ ಏಳು ನಲವತ್ತಕ್ಕೆ ದೊಡ್ಡ ಮಗಳು ನಮ್ಮ ಗೇಟಿನ ಬಳಿ ಬಂದು ನಿಂತಳು. ಕೊರಳಲ್ಲಿ ತಾಯಿಯ ಹಳದಿ ಟೇಪು ಇತ್ತು. ಬೆಳಗಿನ ಜಾವ ಹೃದಯ ನಿಂತುಹೋಗಿತ್ತು.

ನಾನು ಹೋಗಿ ನೋಡಿದೆ. ಬಲಗೈಯನ್ನು ಎದೆಯ ಮೇಲೆ ಇಟ್ಟಿದ್ದರು. ಬೆರಳುಗಳು ಸಡಿಲವಾಗಿ ತೆರೆದುಕೊಂಡಿದ್ದವು. ಆ ಕೋಣೆ ಎಂದೂ ಅಷ್ಟು ನಿಶ್ಶಬ್ದವಾಗಿರಲಿಲ್ಲ. ಹತ್ತಿರ ನಿಂತರೆ ಕೇಳುತ್ತಿದ್ದ ಸದ್ದು ಇರಲಿಲ್ಲ. ಹನ್ನೊಂದು ಗಂಟೆಗೆ ಸ್ಮಶಾನಕ್ಕೆ ಒಯ್ದರು. ನಾನು ಮನೆಗೆ ಹೋಗಿ ಸ್ನಾನ ಮಾಡಿ, ಎರಡಕ್ಕೆ ಕೆಲಸಕ್ಕೆ ಬಂದೆ.

ಮಧ್ಯಾಹ್ನ ತಪಾಸಣೆಗೆ ಐದು ಜನರಿದ್ದರು. ಮೂರನೆಯವರು ಒಬ್ಬ ಶಾಲಾ ಶಿಕ್ಷಕಿ. ಕೈಚೀಲ ಹಿಡಿದು ನಿಂತೇ ಕೇಳಿದರು, "ಕೆಮ್ಮಿಗೆ ಆಂಟಿಬಯಾಟಿಕ್ ತಗೋತಿದೀನಿ. ಕಾಪರ್-ಟಿಗೆ ಏನೂ ಆಗಲ್ಲ ತಾನೆ ಸಿಸ್ಟರ್?"

"ಮಾತ್ರೆಯಿಂದ ಏನೂ ಆಗಲ್ಲ. ಮೇಜಿನ ಮೇಲೆ ಮಲಕ್ಕೊಳ್ಳಿ."

"ಏನೂ ಆಗಲ್ಲ ಅಂದ್ರಲ್ಲ? ನನ್ಗೆ ನಾಲ್ಕಕ್ಕೆ ಮೀಟಿಂಗ್ ಇದೆ. ನಾನು ಚೆನ್ನಾಗೇ ಇದೀನಿ."

"ಇದೀರಿ ಅಂತ ನನ್ಗೂ ಕಾಣ್ಸುತ್ತೆ. ಮಲಕ್ಕೊಳ್ಳಿ."

ಮಲಗಿದರು. ಎಳೆ ಇತ್ತು. ಕೈ ತೊಳೆದು, ನೋಡಿದ್ದನ್ನು ಬರೆದೆ.

ಐದೂವರೆಗೆ ಕೊನೆಯವರು ಹೋದರು. ಉಪಕರಣ ತೊಳೆದು ಕುದಿಯಲು ಹಾಕಿದೆ. ಆಯಾ ನೆಲ ಒರೆಸಿ ಹೊರಟಳು. ಡಾಕ್ಟರಮ್ಮ ಅಂದು ಬೇಗ ಮನೆಗೆ ಹೋಗಿದ್ದರು. ಮೂರನೆಯ ಡ್ರಾಯರಿನ ತಳದಿಂದ ಟೈಲರಮ್ಮನ ಕಾರ್ಡು ತೆಗೆದೆ. ಅಂಚು ಹಳದಿಯಾಗಿತ್ತು. ಟಿಕ್ಕುಗಳು ಇನ್ನೂ ನೀಲಿಯಾಗಿಯೇ ಇದ್ದವು.

ತಪ್ಪು ಬರೆದದ್ದನ್ನು ಅಳಿಸಬಾರದು, ಗೀಚಬಾರದು. ಕೆಳಗಿನ ಅಕ್ಷರ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಇದು ಮೇಟ್ರನ್ ಕಲಿಸಿದ ಎರಡನೆಯ ಪಾಠ. ಕೆಂಪು ಪೆನ್ನು ತೆಗೆದುಕೊಂಡೆ. ಮೊದಲ ಟಿಕ್ಕಿನ ಮೇಲೆ ಗೆರೆ: ನೋಡಿಲ್ಲ. ಎರಡನೆಯದರ ಮೇಲೆ: ನೋಡಿಲ್ಲ. ಮೂರನೆಯದರ ಮೇಲೆ: ನೋಡಿಲ್ಲ. ಮೂರು ಕಡೆಯೂ ಅಂದಿನ ತಾರೀಖು, ನನ್ನ ಸಹಿ.

ಶಾಯಿ ಒಣಗುವವರೆಗೆ ಕಾದೆ. ಕಾರ್ಡನ್ನು ಡ್ರಾಯರಿಗೆ ಹಾಕಲಿಲ್ಲ. ಡಾಕ್ಟರಮ್ಮನ ಮೇಜಿನ ಮೇಲೆ, ಬೆಳಿಗ್ಗೆ ಬಂದೊಡನೆ ಕಣ್ಣಿಗೆ ಬೀಳುವ ಹಾಗೆ, ಬರೆದ ಮುಖ ಮೇಲೆ ಮಾಡಿ ಇಟ್ಟೆ. ಆರು ಗಂಟೆ ಹತ್ತು ನಿಮಿಷಕ್ಕೆ ಕುದಿಯುವ ನೀರಿನ ಸ್ವಿಚ್ ಆರಿಸಿ ಕೋಣೆಗೆ ಬೀಗ ಹಾಕಿದೆ.